ಎಟಿಎಂ ಕಾರ್ಡಿನಿಂದ ಹಣ ಹೋದರೆ ಎಲ್ಲಿಗೆ ದೂರು ಕೊಡಬೇಕು? ಕಾಸರಗೋಡಿನವರಿಗೆ ಒಂದು ಹೋಲಿಕೆ

ಕಾಸರಗೋಡಿನಲ್ಲಿ ಕಾರ್ಡ್ ಮೋಸಕ್ಕೆ ಸಿಕ್ಕವರಿಗೆ ಮೊದಲು ಎದುರಾಗುವ ಪ್ರಶ್ನೆ, ಇದು ಯಾರ ವ್ಯಾಪ್ತಿಗೆ ಬರುತ್ತದೆ ಅನ್ನುವುದು. ಮನೆ ಬದಿಯಡ್ಕದಲ್ಲಿ, ಖಾತೆ ಮಂಗಳೂರಿನ ಶಾಖೆಯಲ್ಲಿ, ಸಿಮ್ ಕರ್ನಾಟಕದ್ದು, ಹಣ ತೆಗೆದದ್ದು ದೆಹಲಿಯ ಯಾವುದೋ ಎಟಿಎಂನಿಂದ. ಮಂಗಳೂರಿಗೆ ಹೋಗಬೇಕೋ, ಕಾಸರಗೋಡಿನ ಪೊಲೀಸರ ಹತ್ತಿರ ಹೋಗಬೇಕೋ, ವಕೀಲರನ್ನು ಹಿಡಿಯಬೇಕೋ ಅಂತ ನಾಲ್ಕು ಜನರನ್ನು ಕೇಳುವಷ್ಟರಲ್ಲಿ ಎರಡು ದಿನ ಕಳೆದುಹೋಗುತ್ತದೆ. ಆ ಎರಡು ದಿನಗಳ ಬೆಲೆ ತುಂಬಾ ಜಾಸ್ತಿ.

ದಾರಿಗಳು ಮುಖ್ಯವಾಗಿ ನಾಲ್ಕು. ಬ್ಯಾಂಕ್, 1930 ಸಹಾಯವಾಣಿ ಮತ್ತು ಪೊಲೀಸ್, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ (ಬ್ಯಾಂಕುಗಳ ಮೇಲಿನ ದೂರು ತೀರ್ಮಾನಿಸುವ ಅಧಿಕಾರಿ), ಗ್ರಾಹಕ ಆಯೋಗ. ಇವುಗಳಲ್ಲಿ ಒಂದನ್ನು ಆರಿಸಿ ಉಳಿದದ್ದು ಬಿಡುವುದಲ್ಲ. ಮೊದಲ ಎರಡು ಅದೇ ದಿನ, ಸಾಧ್ಯವಾದರೆ ಅದೇ ಗಂಟೆಯಲ್ಲಿ ಆಗಬೇಕು. ಕೊನೆಯ ಎರಡರಲ್ಲಿ ಯಾವುದು ಮೊದಲು ಅನ್ನುವುದೇ ನಿಜವಾದ ಆಯ್ಕೆ. ಅಲ್ಲಿ ಕ್ರಮ ತಪ್ಪಿದರೆ ಒಂದು ದಾರಿ ಮುಚ್ಚಿಹೋಗುತ್ತದೆ.

ಬ್ಯಾಂಕ್: ದಿನದ ಲೆಕ್ಕವೇ ಎಲ್ಲ

2017ರ ಜುಲೈ 6ರಂದು ರಿಸರ್ವ್ ಬ್ಯಾಂಕ್ ಒಂದು ಸುತ್ತೋಲೆ ಹೊರಡಿಸಿತು. ಗ್ರಾಹಕರ ಅನುಮತಿ ಇಲ್ಲದೆ ಕಾರ್ಡ್‌ನಿಂದಾಗಲಿ, ನೆಟ್ ಬ್ಯಾಂಕಿಂಗ್‌ನಿಂದಾಗಲಿ ಹಣ ಹೋದರೆ ಯಾರು ಎಷ್ಟು ಹೊರಬೇಕು ಅನ್ನುವುದನ್ನು ಅದು ಸ್ಪಷ್ಟವಾಗಿ ಹೇಳಿತು. ಅದೇ ವರ್ಷ ಡಿಸೆಂಬರ್ 14ಕ್ಕೆ ಸಹಕಾರಿ ಬ್ಯಾಂಕುಗಳಿಗೂ ಅಂಥದ್ದೇ ಸುತ್ತೋಲೆ ಬಂತು. ನಿಮ್ಮ ರಕ್ಷಣೆಯ ಬುಡ ಇದೇ.

ತಪ್ಪು ಬ್ಯಾಂಕಿನದ್ದಾದರೆ ನಿಮ್ಮ ಹೊಣೆ ಸೊನ್ನೆ. ನೀವು ದೂರು ಕೊಟ್ಟರೂ, ಕೊಡದಿದ್ದರೂ ಸೊನ್ನೆ. ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದ್ದೂ ಅಲ್ಲ, ನಡುವೆ ಯಾರೋ ಕಾರ್ಡ್ ನಕಲು ಮಾಡಿದರು ಅಥವಾ ಎಲ್ಲೋ ಮಾಹಿತಿ ಕದ್ದರು ಅಂತಾದರೆ, ಬ್ಯಾಂಕಿನ ಮೆಸೇಜ್ ಬಂದ ಮೇಲೆ ಮೂರು ಕೆಲಸದ ದಿನಗಳ ಒಳಗೆ ತಿಳಿಸಿದರೆ ಆಗಲೂ ಸೊನ್ನೆ. ಪೂರ್ತಿ ಹಣ ವಾಪಸ್ ಬರಬೇಕು.

ನಾಲ್ಕನೇ ದಿನದಿಂದ ಏಳನೇ ದಿನದ ಒಳಗೆ ತಿಳಿಸಿದರೆ ನಿಮ್ಮ ಹೊಣೆಗೆ ಒಂದು ಮಿತಿ ಇದೆ. ಜನಧನದಂಥ ಮೂಲ ಉಳಿತಾಯ ಖಾತೆಗೆ 5,000 ರೂಪಾಯಿ. ಸಾಮಾನ್ಯ ಉಳಿತಾಯ ಖಾತೆಗೆ 10,000. ದೊಡ್ಡ ಚಾಲ್ತಿ ಖಾತೆಗಳಿಗೆ 25,000. ಏಳು ದಿನ ದಾಟಿದರೆ ಆ ಬ್ಯಾಂಕಿನ ಆಡಳಿತ ಮಂಡಳಿ ಮಾಡಿಕೊಂಡ ನೀತಿಯಲ್ಲಿ ಏನಿದೆಯೋ ಅದು.

ಈ ಮಿತಿಯ ಮಾತನ್ನು ಜನ ತಪ್ಪು ತಿಳಿಯುತ್ತಾರೆ. 'ವಾರದ ಒಳಗೆ ಹೇಳಿದರೆ ಸಾಕು, ಹೋದರೆ ಹತ್ತು ಸಾವಿರ ಅಷ್ಟೇ' ಅಂತ ಭಾವಿಸುತ್ತಾರೆ. ಹಾಗಲ್ಲ. ಈ ಮಿತಿ ಒಟ್ಟು ನಷ್ಟಕ್ಕಲ್ಲ, ಪ್ರತಿಯೊಂದು ವಹಿವಾಟಿಗೆ. ಕಳ್ಳ ನಿಮ್ಮ ಉಳಿತಾಯ ಖಾತೆಯಿಂದ ಹತ್ತು ಸಾವಿರದಂತೆ ಐದು ಸಲ ತೆಗೆದರೆ, ನೀವು ಐದನೇ ದಿನ ತಿಳಿಸಿದರೆ, ನಿಯಮದ ಪ್ರಕಾರ ಪೂರಾ ಐವತ್ತು ಸಾವಿರವೂ ನಿಮ್ಮ ತಲೆಗೇ ಬರಬಹುದು. ಎಟಿಎಂನಿಂದ ದೋಚುವವರು ಸಣ್ಣ ಸಣ್ಣ ಮೊತ್ತದಲ್ಲೇ ತೆಗೆಯುತ್ತಾರೆ. ಹಾಗಾಗಿ ಉಳಿತಾಯ ಖಾತೆಯವರ ಪಾಲಿಗೆ ಈ ನಾಲ್ಕರಿಂದ ಏಳು ದಿನದ ರಕ್ಷಣೆ ಎಷ್ಟೋ ಸಲ ಕಾಗದದ ಮೇಲೆ ಮಾತ್ರ. ಮೂರು ದಿನವನ್ನೇ ಗಟ್ಟಿಯಾಗಿ ಹಿಡಿಯಿರಿ.

ಆ ಮೂರು ದಿನ ಎಣಿಸುವುದು ಹೇಗೆ? ಗಡಿಯಲ್ಲಿರುವ ನಮಗೆ ಇದು ತುಂಬಾ ಮುಖ್ಯ. ಮೆಸೇಜ್ ಬಂದ ದಿನವನ್ನು ಬಿಟ್ಟು, ನಿಮ್ಮ ಖಾತೆ ಇರುವ ಶಾಖೆಯ ಕೆಲಸದ ದಿನಗಳನ್ನು ಎಣಿಸಬೇಕು. ನೀವಿರುವ ಊರಿನ ರಜೆ ಲೆಕ್ಕಕ್ಕಿಲ್ಲ. ಗುರುವಾರ ರಾತ್ರಿ ಮೆಸೇಜ್ ಬಂತು ಅಂದುಕೊಳ್ಳಿ. ಶುಕ್ರವಾರ ಒಂದನೇ ದಿನ. ಮರುದಿನ ಎರಡನೇ ಶನಿವಾರವಾದರೆ ರಜೆ, ಭಾನುವಾರ ರಜೆ. ಸೋಮವಾರ ಎರಡು, ಮಂಗಳವಾರ ಮೂರು. ಈಗ ಓಣಂ ಸಮಯ ಅಂತಿಟ್ಟುಕೊಳ್ಳಿ. ಖಾತೆ ಕುಂಬಳೆಯ ಶಾಖೆಯಲ್ಲಿದ್ದರೆ ತಿರುವೋಣಂ ದಿನ ಲೆಕ್ಕಕ್ಕೆ ಬರುವುದಿಲ್ಲ, ಆದರೆ ಖಾತೆ ಮಂಗಳೂರಿನಲ್ಲಿದ್ದರೆ ಅಲ್ಲಿಯ ಶಾಖೆ ತೆರೆದಿರುವ ಕಾರಣ ಅದೇ ದಿನ ಒಂದು ಕೆಲಸದ ದಿನವಾಗಿ ಕಳೆದುಹೋಗುತ್ತದೆ. ನವೆಂಬರ್ 1ಕ್ಕೆ ಇದು ತಿರುಗಾಮುರುಗ. ಮಂಗಳೂರಿನ ಶಾಖೆಗೆ ರಾಜ್ಯೋತ್ಸವದ ರಜೆ, ಮಂಜೇಶ್ವರದ ಶಾಖೆಗೆ ಕೆಲಸದ ದಿನ. ಹಬ್ಬ ಮುಗಿಸಿ ನೋಡೋಣ ಅಂತ ಮಾತ್ರ ಕೂರಬೇಡಿ.

ತಿಳಿಸುವುದಕ್ಕೆ ಶಾಖೆ ತೆರೆಯುವವರೆಗೆ ಕಾಯಬೇಕಾಗಿಲ್ಲ. ದಿನದ 24 ಗಂಟೆಯೂ ದೂರು ತೆಗೆದುಕೊಳ್ಳುವ ವ್ಯವಸ್ಥೆ ಇಡುವುದು ಬ್ಯಾಂಕಿನ ಕರ್ತವ್ಯ. ಟೋಲ್ ಫ್ರೀ ನಂಬರ್, ಇಮೇಲ್, ವೆಬ್‌ಸೈಟ್ ಎಲ್ಲವೂ ಇರಬೇಕು. ದೂರು ಬಂದ ಕೂಡಲೇ ದೂರಿನ ನಂಬರ್ ಕೊಡಬೇಕು. ಫೋನಿನಲ್ಲಿ ಕಾರ್ಡ್ ಬ್ಲಾಕ್ ಮಾಡಿಸಿ, ನಂಬರ್ ಬರೆದುಕೊಳ್ಳಿ, ನಂತರ ಅದೇ ವಿಷಯವನ್ನು ಇಮೇಲ್‌ನಲ್ಲೂ ಕಳಿಸಿ. ಟೋಲ್ ಫ್ರೀ ನಂಬರನ್ನು ಕಾರ್ಡಿನ ಹಿಂಭಾಗದಲ್ಲೋ ಪಾಸ್‌ಬುಕ್‌ನಲ್ಲೋ ನೋಡಿ. ಗೂಗಲ್‌ನಲ್ಲಿ ಹುಡುಕಿ ಸಿಕ್ಕಿದ ನಂಬರಿಗೆ ಮಾತ್ರ ಕರೆ ಮಾಡಬೇಡಿ, ಅಲ್ಲಿ ಕಳ್ಳರ ನಂಬರುಗಳೇ ಕುಳಿತಿರುತ್ತವೆ.

ಕಾರ್ಡ್ ಬ್ಲಾಕ್ ಮಾಡಿಸಿದ್ದೇ ದೂರು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ಅಲ್ಲ. ಬ್ಲಾಕ್ ಮಾಡುವುದು ಮುಂದಿನ ನಷ್ಟ ತಡೆಯುವುದಕ್ಕೆ. ಇಂಥ ದಿನ, ಇಷ್ಟು ಗಂಟೆಗೆ, ಇಷ್ಟು ಮೊತ್ತ, ಇದನ್ನು ನಾನು ಮಾಡಿಲ್ಲ ಅಂತ ಹೇಳಿದಾಗಲೇ ಅದು ದೂರು.

ದೂರು ಕೊಟ್ಟ 10 ಕೆಲಸದ ದಿನಗಳ ಒಳಗೆ ಬ್ಯಾಂಕು ಆ ಹಣವನ್ನು ನಿಮ್ಮ ಖಾತೆಗೆ ತಾತ್ಕಾಲಿಕವಾಗಿ ಜಮಾ ಮಾಡಬೇಕು. ಹಣ ಹೋದ ದಿನದ ತಾರೀಖಿಗೇ ಜಮಾ ಆಗಬೇಕು, ಅಂದರೆ ಬಡ್ಡಿ ಕೂಡ ತಪ್ಪಬಾರದು. ತನಿಖೆ ಮುಗಿಸಿ ಹೊಣೆ ತೀರ್ಮಾನಿಸಲು ಬ್ಯಾಂಕಿಗೆ 90 ದಿನ. ಅಷ್ಟರಲ್ಲಿ ತೀರ್ಮಾನ ಆಗದಿದ್ದರೆ ನಿಯಮದ ಪ್ರಕಾರದ ಪರಿಹಾರ ಕೊಡಲೇಬೇಕು. ಇನ್ನೊಂದು ದೊಡ್ಡ ವಿಷಯ: ತಪ್ಪು ಗ್ರಾಹಕರದ್ದು ಅಂತ ಸಾಬೀತು ಮಾಡುವ ಭಾರ ಬ್ಯಾಂಕಿನ ಮೇಲಿದೆ. 'ಪಿನ್ ಸರಿಯಾಗಿ ಹಾಕಿದ್ದಾರೆ, ಆದ್ದರಿಂದ ನೀವೇ ತೆಗೆದದ್ದು' ಅಂತ ಕೌಂಟರಿನಲ್ಲಿ ಬಾಯಿ ಮಾತಿನಲ್ಲಿ ಹೇಳಿ ಕಳಿಸಿದರೆ, ಅದನ್ನೇ ಬರವಣಿಗೆಯಲ್ಲಿ ಕೊಡಿ ಅಂತ ಕೇಳಿ.

ಓಟಿಪಿ ಅಥವಾ ಪಿನ್ ನೀವೇ ಹೇಳಿಬಿಟ್ಟಿದ್ದರೆ? ಆಗ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿಮ್ಮದು. ತಿಳಿಸಿದ ನಂತರ ಹೋದದ್ದು ಬ್ಯಾಂಕಿನದ್ದು. ನಾಚಿಕೆಯಿಂದ ಸುಮ್ನೆ ಇರುವವರಿಗೆ ನಷ್ಟ ಜಾಸ್ತಿಯಾಗುವುದು ಇಲ್ಲೇ. ಮೋಸ ಹೋದದ್ದು ಅವಮಾನ ಅಲ್ಲ, ಓದಿದವರೂ ಮೋಸ ಹೋಗುತ್ತಾರೆ. ಕೂಡಲೇ ಹೇಳಿಬಿಡಿ.

ಮನೆಯವರಿಗೆ ಕಾರ್ಡ್ ಕೊಡುವ ವಿಷಯವನ್ನೂ ಇಲ್ಲೇ ಹೇಳಬೇಕು. 2018ರಲ್ಲಿ ಬೆಂಗಳೂರಿನ ಗ್ರಾಹಕ ನ್ಯಾಯಾಲಯ ಒಂದು ಪ್ರಕರಣ ತೀರ್ಮಾನಿಸಿತು. ಬಾಣಂತಿಯಾಗಿದ್ದ ಹೆಂಡತಿಯ ಕಾರ್ಡ್ ಹಿಡಿದುಕೊಂಡು ಗಂಡ ಎಟಿಎಂಗೆ ಹೋಗಿದ್ದರು. ಹಣ ಬರಲಿಲ್ಲ, ಖಾತೆಯಿಂದ ಮಾತ್ರ 25,000 ಕಡಿತವಾಯಿತು. ಪಿನ್ ಬೇರೆಯವರಿಗೆ ಕೊಟ್ಟದ್ದೇ ತಪ್ಪು ಅಂತ ತೀರ್ಪು ಬ್ಯಾಂಕಿನ ಪರವಾಯಿತು. ನಮ್ಮಲ್ಲಿ ಪಿಂಚಣಿಯ ಕಾರ್ಡನ್ನು ಪಕ್ಕದ ಮನೆಯ ಹುಡುಗನ ಕೈಗೆ ಕೊಟ್ಟು ಕಳಿಸುವ ಅಜ್ಜ ಅಜ್ಜಿಯರು ಎಷ್ಟು ಜನ ಇಲ್ಲ! ಅಂಥವರಿಗೆ ಕಾರ್ಡ್ ಬೇಡ. ಆಧಾರ್ ಬೆರಳಚ್ಚಿನ ಮೂಲಕ ಬ್ಯಾಂಕ್ ಮಿತ್ರರಿಂದ ತೆಗೆಯುವುದೋ, ಶಾಖೆಗೆ ಹೋಗಿ ಚಲನ್ ಬರೆದು ತೆಗೆಯುವುದೋ ಮೇಲು.

ಎಟಿಎಂನಲ್ಲಿ ಹಣ ಬರದೆ ಖಾತೆಯಿಂದ ಕಡಿತವಾದರೆ ಅದು ಬೇರೆಯದೇ ನಿಯಮ. 2019ರ ಸೆಪ್ಟೆಂಬರ್‌ನ ಸುತ್ತೋಲೆ ಪ್ರಕಾರ ಐದು ದಿನಗಳ ಒಳಗೆ ಹಣ ತಾನಾಗಿ ವಾಪಸ್ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಬ್ಯಾಂಕು ಕೊಡಬೇಕು, ನೀವು ಕೇಳದಿದ್ದರೂ. ಇದನ್ನು ಮೋಸದ ದೂರಿನ ಜೊತೆ ಬೆರೆಸಬೇಡಿ.

1930: ಹಣ ಓಡುವ ಮೊದಲು

ಬ್ಯಾಂಕಿಗೆ ತಿಳಿಸುವುದು ನಿಮ್ಮ ಹಕ್ಕು ಉಳಿಸಿಕೊಳ್ಳುವುದಕ್ಕೆ. 1930ಕ್ಕೆ ಕರೆ ಮಾಡುವುದು ಹಣವನ್ನೇ ಹಿಡಿಯುವುದಕ್ಕೆ. ಇದು ಕೇಂದ್ರ ಗೃಹ ಇಲಾಖೆಯ ಸೈಬರ್ ವಂಚನೆಯ ನಂಬರ್. ದೂರು ದಾಖಲಾದ ಕೂಡಲೇ ಹಣ ಯಾವ ಖಾತೆಗೆ ಹೋಗಿದೆಯೋ ಆ ಬ್ಯಾಂಕಿಗೆ ಮಾಹಿತಿ ಹೋಗುತ್ತದೆ, ಅಲ್ಲಿ ಉಳಿದಿರುವ ಮೊತ್ತ ತಡೆಹಿಡಿಯಲ್ಪಡುತ್ತದೆ. ಆನ್‌ಲೈನ್ ಖರೀದಿ ಅಥವಾ ಖಾತೆಯಿಂದ ಖಾತೆಗೆ ಹೋದ ಹಣಕ್ಕೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಎಟಿಎಂನಿಂದ ನೋಟು ತೆಗೆದುಕೊಂಡು ಹೋಗಿದ್ದರೆ ತಡೆಯಲು ಅಲ್ಲಿ ಏನೂ ಉಳಿದಿರುವುದಿಲ್ಲ. ಆದರೂ ದೂರು ಬೇಕು, ಮುಂದೆ ಎಲ್ಲ ಕಡೆ ಈ ನಂಬರ್ ಕೇಳುತ್ತಾರೆ.

ಸೈಬರ್‌ಕ್ರೈಮ್ ಡಾಟ್ ಗೌ ಡಾಟ್ ಇನ್ ಪೋರ್ಟಲ್‌ನಲ್ಲೂ ದೂರು ಹಾಕಬಹುದು. ಮೊಬೈಲಿನಲ್ಲಿ ಕಷ್ಟವಾದರೆ ಹತ್ತಿರದ ಅಕ್ಷಯ ಕೇಂದ್ರಕ್ಕೆ ಹೋಗಿ, ಆದರೆ ಪಾಸ್‌ವರ್ಡ್, ಪಿನ್ ಅಲ್ಲಿ ಕೂಡ ಹೇಳಬೇಡಿ.

ವ್ಯಾಪ್ತಿಯ ಪ್ರಶ್ನೆಗೆ ಉತ್ತರ ಈಗ ಸುಲಭ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು. 'ಖಾತೆ ಮಂಗಳೂರಿನದ್ದು, ಅಲ್ಲಿಗೇ ಹೋಗಿ' ಅಂತ ಇಲ್ಲಿ ಹೇಳುವ ಹಾಗಿಲ್ಲ, ತಲಪಾಡಿ ದಾಟಿ ಹೋದರೆ 'ನೀವು ಕೇರಳದವರು' ಅಂತ ಅಲ್ಲಿಯೂ ಹೇಳುವ ಹಾಗಿಲ್ಲ. ಬೇರೆಯವರ ಪಾಸ್‌ವರ್ಡ್, ಗುರುತಿನ ಮಾಹಿತಿ ಬಳಸಿ ಮಾಡುವ ಮೋಸಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಮತ್ತು 66ಡಿ ಕಲಂಗಳಲ್ಲಿ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಇದೆ.

ಆದರೆ ಒಂದು ಮಾತು ನೇರವಾಗಿ ಹೇಳಬೇಕು. ಪೊಲೀಸ್ ಕೇಸು ಕಳ್ಳನ ಮೇಲೆ. ಕಳ್ಳ ಸಿಕ್ಕಿದ ಮೇಲೇ ನಿಮ್ಮ ಹಣ ಅಂತ ಬ್ಯಾಂಕು ಹೇಳಿದರೆ ಒಪ್ಪಬೇಡಿ. ಬ್ಯಾಂಕಿನ ಹೊಣೆ ಬೇರೆ, ಪೊಲೀಸ್ ತನಿಖೆ ಬೇರೆ. ಒಂದಕ್ಕಾಗಿ ಇನ್ನೊಂದು ಕಾಯಬೇಕಾಗಿಲ್ಲ. ತಡೆಹಿಡಿದ ಹಣ ಬಿಡಿಸಿಕೊಳ್ಳಲು ಮಾತ್ರ ಕೆಲವು ಸಲ ಮ್ಯಾಜಿಸ್ಟ್ರೇಟ್ ಕೋರ್ಟಿನ ಆದೇಶ ಬೇಕಾಗುತ್ತದೆ.

ಓಂಬುಡ್ಸ್‌ಮನ್ ಮೊದಲೋ, ಗ್ರಾಹಕ ಆಯೋಗ ಮೊದಲೋ?

ಬ್ಯಾಂಕು 'ಇಲ್ಲ' ಅಂದಿತು, ಅಥವಾ 30 ದಿನವಾದರೂ ಉತ್ತರವೇ ಇಲ್ಲ. ಈಗ ಎರಡು ದಾರಿ.

ಮೊದಲನೆಯದು ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್. 2021ರ ನವೆಂಬರ್ 12ರಿಂದ ದೇಶಕ್ಕೆಲ್ಲ ಒಂದೇ ಯೋಜನೆ ಆಗಿದೆ. ಖಾತೆ ಕರ್ನಾಟಕದ್ದೋ ಕೇರಳದ್ದೋ ಅಂತ ಯಾರೂ ಕೇಳುವುದಿಲ್ಲ. ಸಿಎಂಎಸ್ ಡಾಟ್ ಆರ್‌ಬಿಐ ಡಾಟ್ ಓಆರ್‌ಜಿ ಡಾಟ್ ಇನ್ ಪೋರ್ಟಲ್‌ನಲ್ಲಿ ದೂರು ಹಾಕಬಹುದು, ಇಲ್ಲವಾದರೆ ಚಂಡೀಗಢದ ಸೆಕ್ಟರ್ 17ರಲ್ಲಿರುವ ರಿಸರ್ವ್ ಬ್ಯಾಂಕಿನ ಕೇಂದ್ರಕ್ಕೆ ಅಂಚೆಯಲ್ಲಿ ಕಳಿಸಬಹುದು. ಶುಲ್ಕ ಇಲ್ಲ. ವಕೀಲರು ಬೇಕಾಗಿಲ್ಲ, ನಿಜ ಹೇಳಬೇಕೆಂದರೆ ವಕೀಲರ ಮೂಲಕ ದೂರು ಕೊಟ್ಟರೆ ಸ್ವೀಕರಿಸುವುದೇ ಇಲ್ಲ. 2021ರ ಯೋಜನೆಯಲ್ಲಿ ನಷ್ಟಕ್ಕೆ 20 ಲಕ್ಷದವರೆಗೆ, ಅದರ ಮೇಲೆ ಅಲೆದಾಟ ಮತ್ತು ಮನಸ್ಸಿನ ನೋವಿಗೆ 1 ಲಕ್ಷದವರೆಗೆ ಕೊಡಿಸುವ ಅಧಿಕಾರ ಇಟ್ಟಿದ್ದರು. ಆ ಯೋಜನೆಯಲ್ಲಿ ಬ್ಯಾಂಕಿನ ಉತ್ತರ ಬಂದ ಒಂದು ವರ್ಷದೊಳಗೆ ದೂರು ಕೊಡಬೇಕಿತ್ತು, ಈಗಿನ ಗಡುವು ಎಷ್ಟು ಅಂತ ಪೋರ್ಟಲ್‌ನಲ್ಲಿ ನೋಡಿಕೊಳ್ಳಿ.

ಎರಡನೆಯದು ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈ 20ಕ್ಕೆ ಜಾರಿಗೆ ಬಂತು. ಗಡಿನಾಡಿನವರಿಗೆ ಅದರಿಂದ ಆದ ಉಪಕಾರ ದೊಡ್ಡದು. ಮೊದಲಿನ ಕಾಯ್ದೆಯಲ್ಲಿ ಎದುರು ಪಕ್ಷ ಇರುವ ಕಡೆ ಅಥವಾ ಘಟನೆ ನಡೆದ ಕಡೆ ದೂರು ಕೊಡಬೇಕಿತ್ತು. ಈಗ ನೀವು ವಾಸ ಮಾಡುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ಕೊಡಬಹುದು. ಖಾತೆ ಪುತ್ತೂರಿನದ್ದಾಗಿರಲಿ, ಮುಂಬೈಯದ್ದಾಗಿರಲಿ, ಪೆರ್ಲದಲ್ಲಿರುವವರು ಕಾಸರಗೋಡಿನ ಆಯೋಗಕ್ಕೇ ಹೋಗಬಹುದು. ಬ್ಯಾಂಕಿನವರು ಇಲ್ಲಿಗೆ ಬರಬೇಕು. 5 ಲಕ್ಷದವರೆಗೆ ಶುಲ್ಕ ಇಲ್ಲ, ನೀವೇ ವಾದ ಮಾಡಬಹುದು, ಇ-ಜಾಗೃತಿ ಪೋರ್ಟಲ್‌ನಲ್ಲಿ ಆನ್‌ಲೈನ್ ಆಗಿಯೂ ಸಲ್ಲಿಸಬಹುದು. ಕಾಲಾವಧಿ ಎರಡು ವರ್ಷ.

ಹಾಗಾದರೆ ಯಾವುದು? ನನ್ನ ಅಭಿಪ್ರಾಯ ಸ್ಪಷ್ಟ. ಮೊದಲು ಓಂಬುಡ್ಸ್‌ಮನ್, ನಂತರ ಬೇಕಾದರೆ ಆಯೋಗ. ಕಾರಣ ಸರಳ. ಓಂಬುಡ್ಸ್‌ಮನ್ ತಿರಸ್ಕರಿಸಿದರೂ ಆಯೋಗದ ದಾರಿ ತೆರೆದೇ ಇರುತ್ತದೆ. ಆದರೆ ಮೊದಲೇ ಆಯೋಗಕ್ಕೆ ಹೋಗಿಬಿಟ್ಟರೆ, ಅದೇ ವಿಷಯ ಕೋರ್ಟಿನಂಥ ಜಾಗದಲ್ಲಿ ಬಾಕಿ ಇದೆ ಅಂತ ಓಂಬುಡ್ಸ್‌ಮನ್ ದೂರು ತೆಗೆದುಕೊಳ್ಳುವುದಿಲ್ಲ. ಪೊಲೀಸ್ ದೂರಿಗೆ ಈ ಅಡ್ಡಿ ಇಲ್ಲ. ಎಫ್‌ಐಆರ್ ಆಗಿದೆ ಅನ್ನುವ ಕಾರಣಕ್ಕೆ ಓಂಬುಡ್ಸ್‌ಮನ್ ದಾರಿ ಮುಚ್ಚುವುದಿಲ್ಲ, ಇದು ಯೋಜನೆಯಲ್ಲೇ ಬರೆದಿದೆ. ಬ್ಯಾಂಕಿನಲ್ಲಿ ಯಾರಾದರೂ ಬೇರೆ ರೀತಿ ಹೇಳಿದರೆ ನಂಬಬೇಡಿ.

ಎಚ್ಚರ ಬೇಕಾದದ್ದು ಒಂದೇ ಕಡೆ. ಓಂಬುಡ್ಸ್‌ಮನ್ ಹತ್ತಿರ ದೂರು ಇದೆ ಅಂತ ಆಯೋಗದ ಎರಡು ವರ್ಷದ ಗಡಿಯಾರ ನಿಲ್ಲುತ್ತದೆ ಅಂತ ಅಂದುಕೊಳ್ಳಬೇಡಿ. ಹಣ ಹೋದ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ಒಂದೂವರೆ ವರ್ಷದ ಒಳಗೆ ತೀರ್ಮಾನ ಮಾಡಿ.

ನೇರವಾಗಿ ಆಯೋಗಕ್ಕೇ ಹೋಗುವುದು ಮೇಲು ಅನ್ನಿಸುವ ಸಂದರ್ಭಗಳೂ ಇವೆ. ಓಂಬುಡ್ಸ್‌ಮನ್ ಹತ್ತಿರ ಕೆಲಸ ಹೆಚ್ಚಾಗಿ ಕಾಗದದ ಮೇಲೆ ನಡೆಯುತ್ತದೆ. ಸಾಕ್ಷಿಗಳನ್ನು ವಿಚಾರಣೆ ಮಾಡಬೇಕು, ಎಟಿಎಂನ ಕ್ಯಾಮೆರಾ ದೃಶ್ಯ ನೋಡಬೇಕು, ಸಿಬ್ಬಂದಿಯೇ ಶಾಮೀಲಾಗಿದ್ದಾರೆ ಅನ್ನುವ ಸಂಶಯ ಇದೆ ಅಂತಾದರೆ ಅಲ್ಲಿ ಬಗೆಹರಿಯುವುದು ಕಷ್ಟ. ವಿಸ್ತಾರವಾದ ಸಾಕ್ಷ್ಯ ಬೇಕು ಅನ್ನಿಸಿದರೆ ದೂರನ್ನು ಅವರೇ ಮುಚ್ಚಬಹುದು. ಆಯೋಗದಲ್ಲಿ ತಡವಾಗಬಹುದು, ಕಾಯ್ದೆಯಲ್ಲಿ ಬರೆದ ಮೂರು ತಿಂಗಳಲ್ಲಿ ಮುಗಿಯುತ್ತದೆ ಅಂತ ಯಾರಿಗೂ ಭರವಸೆ ಕೊಡಲಾರೆ. ಆದರೆ ಅಲ್ಲಿ ಬ್ಯಾಂಕಿನಿಂದ ದಾಖಲೆ ತರಿಸಬಹುದು. ಕ್ಯಾಮೆರಾ ದೃಶ್ಯವನ್ನು ಬ್ಯಾಂಕುಗಳು ಬಹಳ ಕಾಲ ಇಟ್ಟುಕೊಳ್ಳುವುದಿಲ್ಲ. ಆದ್ದರಿಂದ ಮೊದಲ ದೂರಿನಲ್ಲೇ 'ದೃಶ್ಯವನ್ನು ಕಾಪಾಡಿ ಇಡಿ' ಅಂತ ಒಂದು ಸಾಲು ಬರೆಯಿರಿ. ಮುಂದೆ ಅವರು ಅಳಿಸಿಹೋಗಿದೆ ಅಂದರೆ ಆ ಸಾಲು ನಿಮ್ಮ ಪರವಾಗಿ ನಿಲ್ಲುತ್ತದೆ.

ಹಣ ತೆಗೆದ ಸಮಯದಲ್ಲಿ ಕಾರ್ಡ್ ನಿಮ್ಮ ಹತ್ತಿರವೇ ಇತ್ತು, ನೀವು ಬೇರೆ ಊರಿನಲ್ಲಿದ್ದಿರಿ ಅನ್ನುವುದಕ್ಕೆ ಏನು ಸಿಕ್ಕಿದರೂ ಎತ್ತಿಡಿ. ಬಸ್ಸಿನ ಟಿಕೆಟ್, ಕೆಲಸದ ಹಾಜರಿ, ರೇಷನ್ ಅಂಗಡಿಯಲ್ಲಿ ಬೆರಳಚ್ಚು ಕೊಟ್ಟ ಚೀಟಿ, ಆಸ್ಪತ್ರೆಯ ಬಿಲ್ಲು, ಎಲ್ಲವೂ ಆಗುತ್ತದೆ.

ಕೋರ್ಟುಗಳು ಗ್ರಾಹಕರ ಕಡೆಗೆ ನಿಂತದ್ದಕ್ಕೆ ಎರಡು ತೀರ್ಪು ನೆನಪಿಟ್ಟುಕೊಳ್ಳಿ. 2019ರ ಜನವರಿಯಲ್ಲಿ ಕೇರಳ ಹೈಕೋರ್ಟ್, ಗ್ರಾಹಕರು ಎಸ್‌ಎಂಎಸ್‌ಗೆ ಪ್ರತಿಕ್ರಿಯಿಸಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಬ್ಯಾಂಕು ಹೊಣೆಯಿಂದ ತಪ್ಪಿಸಿಕೊಳ್ಳಲು ಸಾಧ್ಯವಿಲ್ಲ ಅಂತ ಹೇಳಿತು. ಸ್ಟೇಟ್ ಬ್ಯಾಂಕಿನ ಖಾತೆಯಿಂದ ಎಟಿಎಂ ಮೂಲಕ ಹಣ ಹೋದ ಪ್ರಕರಣ ಅದು. ಗಲ್ಫಿನಲ್ಲಿ ಇರುವವರಿಗೆ, ಊರಿನ ಸಿಮ್ ಆರು ತಿಂಗಳು ಬಂದ್ ಆಗಿರುವವರಿಗೆ ಇದು ದೊಡ್ಡ ಆಸರೆ. 2025ರ ಜನವರಿ 3ರಂದು ಸುಪ್ರೀಂ ಕೋರ್ಟ್ ಕೂಡ ಗುವಾಹಟಿ ಹೈಕೋರ್ಟಿನ ತೀರ್ಪನ್ನು ಎತ್ತಿಹಿಡಿದು, ಅನುಮತಿ ಇಲ್ಲದೆ ಹೋದ 94,204 ರೂಪಾಯಿಯನ್ನು ಬ್ಯಾಂಕೇ ಹೊರಬೇಕು ಅಂದಿತು. ಆ ಗ್ರಾಹಕರು 24 ಗಂಟೆಯ ಒಳಗೆ ಬ್ಯಾಂಕಿಗೆ ತಿಳಿಸಿದ್ದರು ಅನ್ನುವುದು ಅಲ್ಲಿ ಮುಖ್ಯವಾಯಿತು.

ಹಾಗಂತ ಮೆಸೇಜ್ ನೋಡದೆ ಇರಬಹುದು ಅಂತಲ್ಲ. ತೀರ್ಪು ಸಿಗುವುದಕ್ಕೆ ವರ್ಷಗಳು ಬೇಕು. ಗಲ್ಫಿನಲ್ಲಿರುವವರು ಬ್ಯಾಂಕಿನಲ್ಲಿ ಇಮೇಲ್ ವಿಳಾಸ ಕೊಟ್ಟಿದ್ದೀರಾ ಅಂತ ಇವತ್ತೇ ನೋಡಿ.

ಐದು ಕೋಟಿಯವರೆಗಿನ ದಾವೆಗೆ ರಾಜ್ಯದ ಐಟಿ ಕಾರ್ಯದರ್ಶಿಯ ಮುಂದೆ ಹೋಗುವ ಇನ್ನೊಂದು ದಾರಿ ಐಟಿ ಕಾಯ್ದೆಯ 46ನೇ ಕಲಂನಲ್ಲಿದೆ. ಕಾಸರಗೋಡಿನಿಂದ ತಿರುವನಂತಪುರಕ್ಕೆ ಅಲೆಯಬೇಕು. ಸಣ್ಣ ಮೊತ್ತಕ್ಕೆ ಅದು ಬೇಡ.

ಸರ್ವಿಸ್ ಸಹಕಾರಿ ಬ್ಯಾಂಕಿನಲ್ಲಿ ಹಣ ಇಟ್ಟವರಿಗೆ

ನಮ್ಮ ಜಿಲ್ಲೆಯಲ್ಲಿ ಇದನ್ನು ಬೇರೆಯಾಗಿ ಹೇಳದೆ ಹೋದರೆ ಲೇಖನ ಅರ್ಧ ಆದ ಹಾಗೆ. ಅಡಿಕೆ ಮಾರಿದ ಹಣ, ಬೀಡಿ ಕೆಲಸದ ಉಳಿಕೆ, ಮಗಳ ಮದುವೆಗೆ ಇಟ್ಟದ್ದು, ತುಂಬಾ ಜನರ ಹಣ ಇರುವುದು ಊರಿನ ಸರ್ವಿಸ್ ಸಹಕಾರಿ ಬ್ಯಾಂಕಿನಲ್ಲಿ. ಪರಿಚಯದವರು, ನಮ್ಮ ಭಾಷೆ ಮಾತಾಡುತ್ತಾರೆ, ಗೌರವದಿಂದ ಕೂರಿಸುತ್ತಾರೆ. ಆ ವಿಶ್ವಾಸವನ್ನು ನಾನು ಹಗುರವಾಗಿ ನೋಡುವುದಿಲ್ಲ. ಆದರೆ ಕಾನೂನಿನ ಲೆಕ್ಕದಲ್ಲಿ ಅವು ಪ್ರಾಥಮಿಕ ಕೃಷಿ ಪತ್ತಿನ ಸಂಘಗಳು. ರಿಸರ್ವ್ ಬ್ಯಾಂಕಿನ ಪರವಾನಗಿ ಇರುವ ಬ್ಯಾಂಕುಗಳಲ್ಲ. 2021ರ ನವೆಂಬರ್‌ನಲ್ಲಿ ರಿಸರ್ವ್ ಬ್ಯಾಂಕು, ಸಹಕಾರಿ ಸಂಘಗಳು ಹೆಸರಿನಲ್ಲಿ ಬ್ಯಾಂಕ್ ಅಂತ ಬಳಸುವುದರ ಬಗ್ಗೆ ಜನರಿಗೆ ಎಚ್ಚರಿಕೆಯನ್ನೂ ಕೊಟ್ಟಿತ್ತು.

ಇದರ ಪರಿಣಾಮ ಏನು? ಮೇಲೆ ಹೇಳಿದ ಮೂರು ದಿನ, ಹತ್ತು ದಿನ, ತೊಂಬತ್ತು ದಿನದ ನಿಯಮಗಳು ಅಲ್ಲಿ ಅನ್ವಯಿಸುವುದಿಲ್ಲ. ಓಂಬುಡ್ಸ್‌ಮನ್ ದಾರಿಯೂ ಇಲ್ಲ. ಅಲ್ಲಿಯ ಖಾತೆಯಿಂದ ನಿಮಗೆ ತಿಳಿಯದೆ ಹಣ ಹೋದರೆ ಸಹಕಾರ ಇಲಾಖೆಯ ರಿಜಿಸ್ಟ್ರಾರರ ಹತ್ತಿರ ದೂರು ಕೊಡಬೇಕು, ವಿವಾದವಾದರೆ 1969ರ ಕೇರಳ ಸಹಕಾರ ಸಂಘಗಳ ಕಾಯ್ದೆಯ 69ನೇ ಕಲಂ ಇದೆ. ಗ್ರಾಹಕ ಆಯೋಗ ಮಾತ್ರ ಇಲ್ಲಿಯೂ ತೆರೆದಿದೆ. ತಿರುಮುರುಗನ್ ಸಹಕಾರಿ ಕೃಷಿ ಪತ್ತಿನ ಸಂಘದ ಪ್ರಕರಣದಲ್ಲಿ 2003ರಲ್ಲೇ ಸುಪ್ರೀಂ ಕೋರ್ಟ್, ಸಹಕಾರ ಕಾಯ್ದೆಯಲ್ಲಿ ಬೇರೆ ದಾರಿ ಇದ್ದರೂ ಸದಸ್ಯರು ಗ್ರಾಹಕ ವೇದಿಕೆಗೆ ಹೋಗಬಹುದು ಅಂತ ಹೇಳಿದೆ.

ಕೇರಳ ಬ್ಯಾಂಕ್ ಬೇರೆ. 2019ರಲ್ಲಿ ಜಿಲ್ಲಾ ಸಹಕಾರಿ ಬ್ಯಾಂಕುಗಳು ರಾಜ್ಯ ಸಹಕಾರಿ ಬ್ಯಾಂಕಿನಲ್ಲಿ ವಿಲೀನವಾಗಿ ಆದದ್ದು ಅದು, ಕಾಸರಗೋಡು ಜಿಲ್ಲಾ ಸಹಕಾರಿ ಬ್ಯಾಂಕೂ ಅದರಲ್ಲಿ ಸೇರಿದೆ. ಅದಕ್ಕೆ ರಿಸರ್ವ್ ಬ್ಯಾಂಕಿನ ಪರವಾನಗಿ ಇದೆ, ಸಹಕಾರಿ ಬ್ಯಾಂಕುಗಳಿಗೆ ಬಂದ 2017ರ ಡಿಸೆಂಬರ್ ಸುತ್ತೋಲೆ ಅನ್ವಯಿಸುತ್ತದೆ. ಕೇರಳ ಗ್ರಾಮೀಣ ಬ್ಯಾಂಕೂ ರಿಸರ್ವ್ ಬ್ಯಾಂಕಿನ ಕೆಳಗೇ ಬರುತ್ತದೆ. ಕಾರ್ಡ್ ಬಳಸುವ ಖಾತೆ ಇಂಥ ಕಡೆ ಇರಲಿ. ಸಂಘದಲ್ಲಿ ಇಡುವುದಿದ್ದರೆ ಠೇವಣಿ ಮಾತ್ರ ಇಡಿ.

ಯಾವ ಕಾರ್ಡ್ ಎಲ್ಲಿ

ಡೆಬಿಟ್ ಕಾರ್ಡಿನಲ್ಲಿ ಹೋಗುವುದು ನಿಮ್ಮ ಕೈಯಲ್ಲಿರುವ ಹಣ. ಕ್ರೆಡಿಟ್ ಕಾರ್ಡಿನಲ್ಲಿ ಹೋಗುವುದು ಇನ್ನೂ ಕಟ್ಟದ ಬಿಲ್ಲಿನ ಮೊತ್ತ. ನಿಯಮದಲ್ಲಿ ರಕ್ಷಣೆ ಹೆಚ್ಚು ಕಡಿಮೆ ಒಂದೇ, 5 ಲಕ್ಷದವರೆಗಿನ ಮಿತಿಯ ಕ್ರೆಡಿಟ್ ಕಾರ್ಡಿಗೂ ನಾಲ್ಕರಿಂದ ಏಳು ದಿನದಲ್ಲಿ ಅದೇ 10,000. ಆದರೆ ದೂರು ತೀರ್ಮಾನವಾಗುವವರೆಗೆ ಯಾರ ಮನೆಯಲ್ಲಿ ಅಕ್ಕಿಗೆ ದುಡ್ಡಿಲ್ಲ ಅನ್ನುವುದು ಬೇರೆಯಾಗುತ್ತದೆ. ಆನ್‌ಲೈನ್ ಖರೀದಿ ಜಾಸ್ತಿ ಮಾಡುವವರು, ಬಿಲ್ಲು ಸರಿಯಾಗಿ ಕಟ್ಟುವ ಶಿಸ್ತು ಇದ್ದರೆ, ಕ್ರೆಡಿಟ್ ಕಾರ್ಡ್ ಇಟ್ಟುಕೊಳ್ಳುವುದು ಒಳ್ಳೆಯದು. ಆ ಶಿಸ್ತು ಇಲ್ಲದಿದ್ದರೆ ಬೇಡ, ಬಡ್ಡಿಯಲ್ಲಿ ಕಳ್ಳನಿಗಿಂತ ಜಾಸ್ತಿ ಹೋಗುತ್ತದೆ.

ಕ್ರೆಡಿಟ್ ಕಾರ್ಡ್ ಬೇಡ ಅನ್ನುವವರಿಗೆ ಎರಡು ಖಾತೆಯ ಕ್ರಮ ಸಾಕು. ಸಂಬಳ, ಉಳಿತಾಯ ಒಂದು ಖಾತೆಯಲ್ಲಿ, ಅದಕ್ಕೆ ಕಾರ್ಡೇ ಬೇಡ. ಇನ್ನೊಂದರಲ್ಲಿ ತಿಂಗಳ ಖರ್ಚಿನಷ್ಟು, ಅದಕ್ಕೆ ಮಾತ್ರ ಕಾರ್ಡ್.

ಕಾರ್ಡಿನಲ್ಲಿ ಏನೇನು ಚಾಲೂ ಇರಬೇಕು ಅನ್ನುವುದು ಈಗ ನಿಮ್ಮ ಕೈಯಲ್ಲಿದೆ. 2020ರ ಜನವರಿಯ ಆದೇಶದ ಪ್ರಕಾರ ಹೊಸ ಕಾರ್ಡ್ ಭಾರತದೊಳಗಿನ ಎಟಿಎಂ ಮತ್ತು ಅಂಗಡಿ ಮೆಷಿನ್‌ಗೆ ಮಾತ್ರ ಚಾಲೂ ಆಗಿ ಬರುತ್ತದೆ. ಆನ್‌ಲೈನ್, ವಿದೇಶ, ತಾಗಿಸಿ ಪಾವತಿ ಮಾಡುವುದು, ಇವು ಬೇಕಾದರೆ ನೀವೇ ತೆರೆಯಬೇಕು. ತಾಗಿಸುವ ಪಾವತಿಗೆ 5,000 ರೂಪಾಯಿವರೆಗೆ ಪಿನ್ ಬೇಡ, 2021ರಿಂದ ಹೀಗಿದೆ. ಬಸ್ಸಿನಲ್ಲಿ ಕಾರ್ಡ್ ಬಿದ್ದುಹೋದರೆ ಸಿಕ್ಕಿದವರಿಗೆ ಇದು ಸುಲಭ, ಹಾಗಾಗಿ ಬಳಸದಿದ್ದರೆ ಮುಚ್ಚಿಡಿ. ದಿನದ ಮಿತಿಯನ್ನೂ ಇಳಿಸಿ. ಇನ್ನೂ ಕಪ್ಪು ಪಟ್ಟಿ ಮಾತ್ರ ಇರುವ, ಚಿಪ್ ಇಲ್ಲದ ಹಳೆಯ ಕಾರ್ಡ್ ಯಾರ ಹತ್ತಿರವಾದರೂ ಇದ್ದರೆ ಕೂಡಲೇ ಬದಲಿಸಿ. ಅವುಗಳನ್ನು 2018ರ ಕೊನೆಯೊಳಗೆ ಬದಲಿಸಬೇಕು ಅಂತ ಬ್ಯಾಂಕುಗಳಿಗೆ ಹೇಳಿಯಾಗಿತ್ತು.

ಕನ್ನಡದಲ್ಲಿ ದೂರು ಕೊಡಬಹುದೇ?

ಕೊಡಬಹುದು. ಸಂವಿಧಾನದ 350ನೇ ವಿಧಿ ಪ್ರಕಾರ ಕೇಂದ್ರ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ ಕುಂದುಕೊರತೆಯ ಮನವಿಯನ್ನು ಅಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಸಲ್ಲಿಸುವ ಹಕ್ಕು ಎಲ್ಲರಿಗೂ ಇದೆ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲೂ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ಸರ್ಕಾರದ ಜೊತೆ ತಮ್ಮ ಭಾಷೆಯಲ್ಲಿ ಪತ್ರ ವ್ಯವಹಾರ ಮಾಡುವ ಅವಕಾಶ ಇದೆ. ಠಾಣೆಯಲ್ಲಿ ಮಲಯಾಳದಲ್ಲಿ ಬರೆದ ಹೇಳಿಕೆಗೆ ಸಹಿ ಹಾಕಿ ಅಂದರೆ, ಓದಿಸಿ ಅರ್ಥ ಮಾಡಿಕೊಂಡೇ ಹಾಕಿ. ಗಂಟೆ, ಮೊತ್ತ, ಕಾರ್ಡ್ ಯಾರ ಹತ್ತಿರ ಇತ್ತು ಅನ್ನುವ ಮೂರು ಸಂಗತಿ ತಪ್ಪಾಗಿ ದಾಖಲಾದರೆ ಬ್ಯಾಂಕು ಮುಂದೆ ಅದನ್ನೇ ಹಿಡಿಯುತ್ತದೆ.

ರಿಸರ್ವ್ ಬ್ಯಾಂಕಿನ ಸಹಾಯವಾಣಿ 14448ರಲ್ಲಿ ಕನ್ನಡದಲ್ಲೂ ಮಾತಾಡುತ್ತಾರೆ. ದೂರು ಹೇಗೆ ಹಾಕಬೇಕು, ಹಾಕಿದ್ದು ಎಲ್ಲಿವರೆಗೆ ಬಂತು ಅಂತ ಅಲ್ಲಿ ಕೇಳಬಹುದು. ಗ್ರಾಹಕ ಆಯೋಗಕ್ಕೆ ಕನ್ನಡದ ದಾಖಲೆ ಕೊಡುವುದಿದ್ದರೆ ಜೊತೆಗೆ ಇಂಗ್ಲಿಷ್ ಅನುವಾದ ಇಡಿ, ಸುಮ್ನೆ ಒಂದು ಅವಧಿ ಮುಂದಕ್ಕೆ ಹೋಗುವುದು ತಪ್ಪುತ್ತದೆ. ಬರೆಯಲು ಕಷ್ಟವಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಸಹಾಯ ಕೇಳಿ. ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ಕಾನೂನು ನೆರವು ಸಿಗುತ್ತದೆ.